ಖಾಲಿ ಡಬ್ಬಿಯ ಠೇವಣಿ

ಲಕ್ಷ್ಮೇಶ್ವರದಲ್ಲಿದ್ದ ನಮ್ಮ ಅಣ್ಣನ ಅಂಗಡಿಗೆ ಹೆಸರಿನ ಫಲಕ ಇರಲಿಲ್ಲ. ಹತ್ತಿಕಾಯಿ ಕೊರೆಯುವ ಹುಳದ ಚಿತ್ರವಿದ್ದ ಒಂದು ತಗಡು ಹೊರಗೆ ತೂಗುತ್ತಿತ್ತು, ಅಷ್ಟೇ. ಆದರೆ ಒಳಗಿನ ಗೋಡೆಯನ್ನು ಒಮ್ಮೆ ನೋಡಿದವರು ಮರೆಯುತ್ತಿರಲಿಲ್ಲ. ಗೋಡೆಯ ತುಂಬ ಮೊಳೆಗಳು. ಒಂದಕ್ಕೆ ಛತ್ರಿ, ಒಂದಕ್ಕೆ ರುಮಾಲು, ಒಂದಕ್ಕೆ ಎತ್ತಿನ ಕೊರಳ ಗೆಜ್ಜೆ, ಒಂದಕ್ಕೆ ಒಂಟಿ ಚಪ್ಪಲಿ. ಉಳಿದವುಗಳಿಗೆ ಚುಚ್ಚಿದ ನೋಟುಗಳು. ಬಾಗಿಲಿನಿಂದ ಗಾಳಿ ನುಗ್ಗಿದರೆ ಎಲ್ಲವೂ ಒಟ್ಟಿಗೆ ಅಲ್ಲಾಡುತ್ತಿದ್ದವು. ಹೊಸಬರು ಬಂದರೆ, ಇದೇನು ಅಂಗಡಿಯೋ ಪೊಲೀಸ್ ಠಾಣೆಯೋ ಎಂದು ಕೇಳುತ್ತಿದ್ದರು.

ಅಣ್ಣ ಮಾರುತ್ತಿದ್ದದ್ದು ಹತ್ತಿಗೆ ಹೊಡೆಯುವ ಔಷಧ. ಔಷಧ ಎಂದು ನಾವು ಕರೆಯುತ್ತಿದ್ದೆವು, ಅದು ವಿಷ. ಹೈಬ್ರಿಡ್ ಹತ್ತಿ ನಮ್ಮ ಕಡೆ ಬಂದ ಹೊಸತು ಅದು. ಹತ್ತಿಯ ಜೊತೆ ಹುಳವೂ ಬಂತು, ಹುಳದ ಹಿಂದೆ ಔಷಧವೂ ಬಂತು. ಶಿಗ್ಲಿಯಿಂದ, ಶಿರಹಟ್ಟಿಯ ಕಡೆಯಿಂದ ರೈತರು ಅಣ್ಣನ ಅಂಗಡಿಗೆ ಬರುತ್ತಿದ್ದರು. ಬಂದವರೆಲ್ಲ ಬೈದುಕೊಂಡೇ ಹೋಗುತ್ತಿದ್ದರು. ಯಾಕೆಂದರೆ ಅಲ್ಲಿ ಔಷಧದ ಬೆಲೆ ಕೊಟ್ಟರೆ ಸಾಲದು. ಡಬ್ಬಿಗೆಂದು ಅಷ್ಟೇ ಹಣವನ್ನು ಬೇರೆಯಾಗಿ ಠೇವಣಿ ಇಡಬೇಕು. ಔಷಧ ಹೊಡೆದು ಮುಗಿಸಿ ಖಾಲಿ ಡಬ್ಬಿ ತಂದುಕೊಟ್ಟ ದಿನ ಆ ಹಣ ವಾಪಸ್ಸು. ಹಣ ಇಲ್ಲದವರು ಮೈಮೇಲಿದ್ದದ್ದೋ ಕೈಯಲ್ಲಿದ್ದದ್ದೋ ಏನಾದರೊಂದು ಬಿಟ್ಟು ಹೋಗಬೇಕು.

ನಾನು ಅವನ ತಂಗಿ. ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವಳು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಅಣ್ಣನ ಜೊತೆಯಲ್ಲೇ ಇದ್ದೆ. ಅಂಗಡಿಯ ಹಿಂದಿನ ಎರಡು ಖೋಲಿಗಳೇ ನಮ್ಮ ಮನೆ. ಅಣ್ಣ ಮದುವೆಯಾಗಿರಲಿಲ್ಲ. ಅವನು ಹೋಗಿ ಈಗ ವರ್ಷವಾಗುತ್ತ ಬಂತು. ಲಕ್ಷ್ಮೇಶ್ವರದಲ್ಲಿ ಅವನ ಬಗ್ಗೆ ಉಳಿದಿರುವ ಮಾತು ಒಂದೇ. ಊರಿಗೆಲ್ಲ ಕಾಯಿದೆ ಮಾಡಿದವನು ಒಬ್ಬಳಿಗೆ ಮಾತ್ರ ಠೇವಣಿ ಬಿಟ್ಟ, ಅದರಿಂದ ಎರಡು ಜೀವ ಹೋದವು ಎಂದು. ಅದು ಸುಳ್ಳು. ಬಿಟ್ಟವಳು ನಾನು. ಅದನ್ನು ಅವನು ಇರುವಾಗ ಹೇಳಬೇಕಿತ್ತು. ಈಗ ಬರೆಯುತ್ತಿದ್ದೇನೆ.

ಅಣ್ಣನಿಗೆ ಮಾತು ಕಡಿಮೆ. ಅವನ ಮುಖ ನೆನಪಾಗುವುದಕ್ಕಿಂತ ಮೊದಲು ನನಗೆ ಅವನ ಕೈಗಳು ನೆನಪಾಗುತ್ತವೆ. ಊಟಕ್ಕೆ ಬರುವ ಮುಂಚೆ ಹಿತ್ತಲಿನಲ್ಲಿ ಕುಳಿತು ಮೊಣಕೈವರೆಗೆ ಮಣ್ಣು ಹಚ್ಚಿ ತಿಕ್ಕುತ್ತಿದ್ದ, ಆಮೇಲೆ ಸಾಬೂನು, ಆಮೇಲೆ ಮತ್ತೆ ಮಣ್ಣು. ಅಷ್ಟು ತಿಕ್ಕಿದರೂ ರೊಟ್ಟಿ ಮುರಿಯುವ ಮುಂಚೆ ಬೆರಳು ಮೂಸಿ ನೋಡುತ್ತಿದ್ದ. ಅವನ ಅಂಗಿ ಧೋತರಗಳನ್ನು ನನ್ನ ಬಟ್ಟೆಯ ಜೊತೆ ನೆನೆಸಲು ಬಿಡುತ್ತಿರಲಿಲ್ಲ. ಓಣಿಯ ಮಕ್ಕಳನ್ನು ಎತ್ತಿಕೊಳ್ಳುತ್ತಿರಲಿಲ್ಲ. ಯಾರಾದರೂ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಅಂಗಡಿಯ ಮೆಟ್ಟಿಲು ಹತ್ತಿದರೆ, ಕುಳಿತಲ್ಲಿಂದಲೇ "ಹೊರಗ, ಹೊರಗ" ಎಂದು ಕೈ ಆಡಿಸುತ್ತಿದ್ದ. ಮಕ್ಕಳನ್ನು ಕಂಡರೆ ಆಗದ ಮನುಷ್ಯ ಎಂದು ಹೆಂಗಸರು ಹೇಳಿಕೊಳ್ಳುತ್ತಿದ್ದರು.

ಠೇವಣಿಯ ನೋಟನ್ನು ಅವನು ಗಲ್ಲೆಗೆ ಹಾಕುತ್ತಿರಲಿಲ್ಲ. ಕೊಟ್ಟವರ ಎದುರಿಗೇ ಮೊಳೆಗೆ ಚುಚ್ಚುತ್ತಿದ್ದ. ಡಬ್ಬಿ ತಂದ ದಿನ ಅದೇ ನೋಟನ್ನು ಬಿಡಿಸಿ, ತೊಡೆಯ ಮೇಲಿಟ್ಟು ಅಂಗೈಯಿಂದ ನೀವಿ ಕೊಡುತ್ತಿದ್ದ. "ನಿಮ್ಮದ ನೋಟು. ನೋಡ್ಕೋರಿ." ನಡುವೆ ತೂತು ಬಿದ್ದ ಆ ನೋಟುಗಳು ಊರಲ್ಲೆಲ್ಲ ಓಡಾಡುತ್ತಿದ್ದವು. ಗದಗಿನ ಬಸ್ಸಿನ ಕಂಡಕ್ಟರ್ ಅವನ್ನು ಮುಟ್ಟುತ್ತಿರಲಿಲ್ಲ. "ಆ ಡಬ್ಬಿ ಸಾವ್ಕಾರನ ನೋಟು ಅಂವಗ ಕೊಟ್ಟು ಬಾ, ಟಿಕೆಟ್ಟೂ ಅಂವನ ಹರೀಲಿ" ಎಂದು ಇಳಿಸುತ್ತಿದ್ದನಂತೆ. ಅದೂ ಒಂದು ತಕರಾರು. ಗಿರಾಕಿಗಳು ಅದನ್ನು ತಂದು ಅಣ್ಣನಿಗೆ ಒಪ್ಪಿಸುತ್ತಿದ್ದರು. ಅಣ್ಣ ಕೇಳಿಸಿಕೊಂಡು, ಅವರ ಹೊಸ ನೋಟನ್ನೂ ಮೊಳೆಗೆ ಚುಚ್ಚುತ್ತಿದ್ದ.

ಒಂಟಿ ಚಪ್ಪಲಿಯ ಕತೆಯನ್ನು ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ. ಶಿರಹಟ್ಟಿಯ ಕಡೆಯ ರೈತನೊಬ್ಬ ಔಷಧದ ಹಣವಷ್ಟನ್ನೇ ತಂದಿದ್ದ.

"ಇಡಾಕ ಏನೂ ಇಲ್ರಿ ಸಾವ್ಕಾರ್ರ."

"ಕಾಲಾಗ ಏನೈತಿ?"

"ಚಪ್ಪಲಿ ಅದಾವ್ರಿ. ತಗೋರಿ, ಎರಡೂ ಇಟ್ಕೋರಿ. ಬರಿಗಾಲೀಲೆ ಹೊಕ್ಕೀನಿ."

"ಒಂದು ಬಿಡು."

"ಒಂದ ಯಾಕ್ರಿ?"

"ಎರಡೂ ಬಿಟ್ರ ಹೊಸಾವ ಕೊಂಡು ನನ್ನ ಮರೀತಿ. ಒಂದು ಬಿಟ್ರ, ಮನ್ಯಾಗಿನ ಇನ್ನೊಂದು ದಿನಾ ನೆನಪ ಮಾಡತೈತಿ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಆ ರೈತನೂ ನಕ್ಕ. ಒಂದು ಚಪ್ಪಲಿ ಮೆಟ್ಟಿ, ಒಂದು ಕಾಲು ಎತ್ತಿ ಹಾಕುತ್ತ, "ಯಾವ ಜಲ್ಮದ ಬಾಕಿ ಉಳದಿತ್ತೋ ನಿಂದು" ಎನ್ನುತ್ತ ಸಂತೆಯ ಮಂದಿಯ ನಡುವೆ ಹೋದ. ಅಣ್ಣ ಮಾತ್ರ ನಗಲಿಲ್ಲ. ನಗಿಸಲು ಅವನು ಆ ಮಾತು ಹೇಳಿರಲಿಲ್ಲ.

ಹೊತ್ತು ಮುಳುಗುವಾಗ ಅವನದೊಂದು ಕೆಲಸವಿತ್ತು. ಅಂದು ವಾಪಸ್ಸು ಬಂದ ಡಬ್ಬಿಗಳನ್ನು ಕಟ್ಟೆಯ ಮೇಲೆ ಸಾಲಾಗಿ ಇಟ್ಟು, ದೊಡ್ಡ ಮೊಳೆ ಮತ್ತು ಸುತ್ತಿಗೆಯಿಂದ ಒಂದೊಂದರ ತಳಕ್ಕೂ ತೂತು ಹೊಡೆಯುತ್ತಿದ್ದ. ಢಣ್ ಎಂದು ಓಣಿಯೆಲ್ಲ ಕೇಳುತ್ತಿತ್ತು. ಆ ಸಪ್ಪಳಕ್ಕೆ ನಮ್ಮ ಪಕ್ಕದ ತಗಡಿನ ಕೆಲಸದ ಹುಸೇನಸಾಬ ಎದೆ ಹಿಡಿದುಕೊಂಡು ಹೊರಗೆ ಬರುತ್ತಿದ್ದ. ಚಿಮಣಿ ಬುಡ್ಡಿ, ಅಳತೆಯ ಮಾಪು ಮಾಡಿ ಮಾರುವವನು ಅವನು. ಅಂಥ ಗಟ್ಟಿ ತಗಡು, ತಿರುಪಿನ ಮುಚ್ಚಳ ಆಗ ಎಲ್ಲೂ ಸಿಗುತ್ತಿರಲಿಲ್ಲ.

"ಯಾ ಅಲ್ಲಾ! ಭಾಯಿ, ಬಂಗಾರದಂಥಾ ಡಬ್ಬಿಗೆ ತೂತ ಹೊಡೀತಿ. ಒಂದರ ನನಗ ಬಿಡೋ."

"ತೂತ ಬಿದ್ದಿದ್ದು ತಗೋ."

"ತೂತ ಬಿದ್ದಿದ್ದು ತಗೊಂಡು ನಾ ಏನ ಜರಡಿ ಮಾರ್ಲಿ?"

"ಮಾರು."

ಇಷ್ಟೇ ಮಾತು ಅವರಿಬ್ಬರ ನಡುವೆ, ಬಹುತೇಕ ದಿನಾಲೂ. ಹುಸೇನಸಾಬನ ತಕರಾರಿನಿಂದ ಕೆಡುಕಾಗಲಿಲ್ಲ. ಕೆಡುಕು ಶುರುವಾದದ್ದು ಶಿಗ್ಲಿಯ ಮಾಸ್ತರರಿಂದ. ಅವರು ಸಾಲೆಯಲ್ಲಿ ಕಲಿಸುತ್ತ ಹೊಲವನ್ನೂ ಮಾಡಿಸುತ್ತಿದ್ದರು. ಒಳ್ಳೆಯ ಮನುಷ್ಯ, ನ್ಯಾಯದ ಮಾತಾಡುವವರು.

"ಏನ್ರೀ ಸಾವ್ಕಾರ್ರ, ಡಬ್ಬಿ ಮ್ಯಾಲೆ ಬೆಲಿ ಅಚ್ಚ ಹಾಕ್ಯಾರ. ಆ ಬೆಲಿಯೊಳಗ ಡಬ್ಬಿದೂ ಸೇರೈತಿ. ನಾ ರೊಕ್ಕಾ ಕೊಟ್ಟಮ್ಯಾಲೆ ಡಬ್ಬಿ ನಂದಾತಿಲ್ಲೋ?"

"ಔಷಧ ನಿಮ್ದಾತ್ರಿ. ಡಬ್ಬಿ ನಂದು."

"ಇದ್ಯಾವ ಕಾನೂನು?"

"ನಮ್ಮ ಅಂಗಡೀದ್ರಿ. ಮುಂಡರಗ್ಯಾಗ ಬರೀ ಬೆಲಿಗೆ ಕೊಡತಾರ. ಅಲ್ಲಿಗೆ ಹೋಗ್ರಿ ಬೇಕಾದ್ರ."

"ನಾ ಹೊಕ್ಕೀನಪಾ, ನನಗ ಬಸ್ಸಿಗೆ ರೊಕ್ಕ ಐತಿ. ಅಲ್ಲಿ ನಿಂತಾನಲ್ಲ, ಆ ಕೂಲಿ ಮಾಡೋ ಮನಿಶ್ಯಾ, ಅಂವ ಎಲ್ಲಿಂದ ತರಬೇಕು ಎರಡು ಪಟ್ಟು ರೊಕ್ಕಾ? ನಿಮ್ಮ ಗ್ವಾಡಿ ನೋಡ್ರಿ. ಇದು ವ್ಯಾಪಾರ ಏನು? ಮಂದಿ ಮರ್ಯಾದಿ ತಗದು ಮೊಳಿಗೆ ನೇತು ಹಾಕೀರಿ."

ಮಾಸ್ತರರಲ್ಲಿ ಅಂದು ಠೇವಣಿಗೆ ಸಾಲುವಷ್ಟು ಹಣ ಇರಲಿಲ್ಲ. ಅಣ್ಣ ಛತ್ರಿ ಕೇಳಿದ. ಹೊರಗೆ ಜಿಟಿಜಿಟಿ ಮಳೆ. ಮಾಸ್ತರರು ಛತ್ರಿಯನ್ನು ಗಲ್ಲೆಯ ಮೇಲೆ ಬಡಿದಿಟ್ಟು, ಡಬ್ಬಿಯನ್ನು ಬಗಲಲ್ಲಿ ಹಿಡಿದು ತೊಯ್ಯುತ್ತ ಹೋದರು. ಶಿರಹಟ್ಟಿಯ ಕಚೇರಿಗೆ ಅವರು ಅರ್ಜಿ ಬರೆದದ್ದು ಆಮೇಲೆ ತಿಳಿಯಿತು.

ಅಲ್ಲಿಂದ ಸಾಹೇಬರೊಬ್ಬರು ಬಂದರು. ಗೋಡೆ ನೋಡಿದರು, ಚಹಾ ಕುಡಿದರು. ಅಚ್ಚಾದ ಬೆಲೆಗಿಂತ ಹೆಚ್ಚು ಕೇಳುವ ಹಕ್ಕು ನಿನಗಿಲ್ಲ, ಮಾಸ್ತರರು ಹೇಳುವುದು ಸರಿ ಎಂದು ಶಾಂತವಾಗಿಯೇ ಹೇಳಿದರು. ಯಾಕೆ ಹೀಗೆ ಮಾಡುತ್ತಿ ಎಂದೂ ಕೇಳಿದರು. ಅಣ್ಣ, "ಡಬ್ಬಿ ಮನಿಯೊಳಗ ಇರಬಾರ್ದ್ರಿ" ಎಂದಷ್ಟೇ ಅಂದ. "ಹಂಗಂತ ಒಂದು ಹಲಗಿ ಬರದು ಹಾಕು. ರೊಕ್ಕಾ ಹಿಡೀಬ್ಯಾಡ. ಇನ್ನೊಂದು ತಕರಾರು ಬಂದ್ರ ನಿನ್ನ ಲೈಸೆನ್ಸ್ ಉಳಿಯೂದಿಲ್ಲ, ನೋಡು" ಎಂದು ಎದ್ದು ಹೋದರು.

ಗಿರಾಕಿ ಹೀಗೆ ತಕರಾರು ಮಾಡಿದ್ದು ತಪ್ಪೇ? ಎಷ್ಟೋ ವರ್ಷ ಇದನ್ನು ಯೋಚಿಸಿದ್ದೇನೆ. ಮಾಸ್ತರರ ಮಾತಿನಲ್ಲಿ ಇವತ್ತಿಗೂ ನನಗೆ ತಪ್ಪು ಕಾಣುವುದಿಲ್ಲ. ತನ್ನ ಹಣ ಕೊಟ್ಟು ಕೊಂಡ ವಸ್ತುವಿಗಾಗಿ ಮೈಮೇಲಿನ ರುಮಾಲು ಬಿಚ್ಚಿಡು ಎಂದರೆ ಯಾರಿಗೂ ಸಿಟ್ಟು ಬರುತ್ತದೆ. ಕಾರಣವನ್ನಾದರೂ ಬಿಡಿಸಿ ಹೇಳಬೇಕು. ಅಣ್ಣ ಹೇಳುತ್ತಿರಲಿಲ್ಲ. ಅಂದು ಸಾಹೇಬರು ಹೋದ ಮೇಲೆ ನಾನೇ ಅವನ ಜೊತೆ ಜಗಳ ತೆಗೆದೆ.

"ಯಣ್ಣಾ, ಒಂದು ತಗಡಿನ ಡಬ್ಬಿ ಸಲುವಾಗಿ ಅನ್ನಾ ಕಳಕೋತಿಯೇನು? ಮಂದಿಗೆ ಕಾರಣ ಹೇಳಾಕ ಏನ ಬ್ಯಾನಿ ನಿನಗ?"

ಆಗ ಅವನು ಹೇಳಿದ. ನನಗೆ ಅವನು ಅಷ್ಟು ಉದ್ದ ಮಾತಾಡಿದ್ದು ಅದೊಂದೇ ಸಲ.

"ಮುಂಡರಗಿ ಆಚೆ, ಕಪ್ಪತ್ತಗುಡ್ಡದ ಬುಡದಾಗ ಒಂದು ಹಳ್ಳಿ. ಅಂಗಡಿ ಹೊಸದಾಗಿ ಇಟ್ಟಿದ್ದೆ, ಬಾಕಿ ಕೇಳಾಕ ಹೋಗಿದ್ದೆ. ಬಿಸಲಾಗ ಬಂದೀಯಪಾ ಅಂತ ಮುದುಕಿ ಮಜ್ಜಿಗಿ ಕೊಟ್ಟಳು. ಇನ್ನೇನು ಬಾಯಿಗೆ ಹಚ್ಚಬೇಕು, ಆಕಿ ಹಿಂದ ನನ್ನ ಡಬ್ಬಿ ಕಾಣಿಸ್ತು. ಮಜ್ಜಿಗಿ ಅದರಾಗಿಂದನ ಬಗ್ಗಿಸಿದ್ದಳು. ಚೆಲ್ಲಿಬಿಟ್ಟೆ. ನಮ್ಮನಿ ಮಜ್ಜಿಗಿ ನಿನಗ ಮೈಲಿಗಿ ಆತೇನು ಅಂತ ಆಕಿ ಮಕ್ಕಳು ಬಡಿಗಿ ತಗೊಂಡು ಬಂದ್ರು."

"ವಿಷದ ಡಬ್ಬಿ ಅಂತ ಹೇಳಬೇಕಿತ್ತು."

"ಹೇಳಿದೆ. ಮೂರು ಸಲ ಬೂದಿ ಹಚ್ಚಿ ತಿಕ್ಕೀನೋ ತಮ್ಮಾ, ಕನ್ನಡಿ ಆಗೇತಿ ನೋಡು ಅಂದಳು. ಮತ್ತ ಹೇಳಿದೆ. ನಕ್ಕಳು. ಕಡೀಕ, ಬಾಕಿ ಬ್ಯಾಡ, ಡಬ್ಬಿ ಕೊಡು ಅಂದೆ. ಆ ಮಾತು ತಟ್ಟನ ತಿಳೀತು ನೋಡು ಆಕಿಗೆ. ಮಜ್ಜಿಗಿ ಚೆಲ್ಲಿ ಡಬ್ಬಿ ತಂದು ಕೈಯಾಗ ಇಟ್ಟಳು." ಆಮೇಲೆ ಹೇಳಿದ: "ನಾ ಎಷ್ಟು ಹೇಳಿದ್ರೂ ಮನಿಗೆ ಹೋಗೂದ್ರಾಗ ಮರೀತಾರ. ಇಲ್ಲಿ ರೊಕ್ಕಾ ಇಟ್ಟಿದ್ದು ಯಾರೂ ಮರೆಯೂದಿಲ್ಲ. ಬೈಲಿ. ಬೈಕೋತನ ಡಬ್ಬಿ ತರತಾರಲ್ಲ."

ಇಷ್ಟನ್ನು ಕಿವಿಯಾರೆ ಕೇಳಿದವಳು ನಾನು. ಕೇಳಿಯೂ ಹಾಗೆ ಮಾಡಿದೆ.

ನೀಲವ್ವ ನನ್ನ ಬಾಲ್ಯದ ಗೆಳತಿ. ನಮ್ಮ ಓಣಿಯಲ್ಲೇ ಹುಟ್ಟಿ ಬೆಳೆದು ಶಿಗ್ಲಿಗೆ ಮದುವೆಯಾಗಿ ಹೋದವಳು. ಆ ವರ್ಷ ಮಹಾನವಮಿಗೆ ಮೂರು ವಾರ ಮುಂಚಿನ ಒಂದು ಸಂತೆಯ ದಿನ ಬಂದಳು. ಅಣ್ಣ ಮಾಲು ತರಲು ಗದಗಿಗೆ ಹೋಗಿದ್ದ. ಅವನಿಲ್ಲದಾಗ ಅಂಗಡಿಯಲ್ಲಿ ನಾನು ಕುಳಿತುಕೊಳ್ಳುತ್ತಿದ್ದೆ.

"ಏನ ಬೇ ಸಾವ್ಕಾರ್ತಿ! ಗಲ್ಲೆ ಹಿಂದ ಕುಂತು ಕುಂಬಳಕಾಯಿ ಆಗಿ ನೋಡು."

"ನೀ ಏನ ಕಡಿಮಿ ಇಲ್ಲ. ಅತ್ತಿ ಮನಿ ತುಪ್ಪಾ ಕಾಣತೈತಿ ಮಾರಿ ಮ್ಯಾಲೆ."

"ತುಪ್ಪಾ? ಎಣ್ಣಿಗೇ ದಿಕ್ಕಿಲ್ಲ, ಗಡಗಿ ಸೋರತೈತಿ. ಇರ್ಲಿ, ಹುಳದ ಔಷಧ ಕೊಡು. ನಮ್ಮ ಮನಿಯವ್ರು ಜಲ್ದಿ ತಾ ಅಂದಾರ."

ಔಷಧದ ಹಣ ಎಣಿಸಿ ಕೊಟ್ಟಳು. ನಾನು ಡಬ್ಬಿ ತಂದಿಟ್ಟೆ, ಆದರೆ ಕೈ ತೆಗೆಯಲಿಲ್ಲ. "ಠೇವಣಿ?" ಅಂದೆ.

ಅವಳ ಮುಖ ಸಣ್ಣದಾಯಿತು. "ನನ್ನ ಕಡಿಂದಾನೂ ಇಸ್ಕೋತಿ? ಒಂದ ತಾಟಿನ್ಯಾಗ ಉಂಡಾಕಿ ನಾ. ನೀ ನನ್ನ ನಂಬೂದಿಲ್ಲ?" ಎಂದಳು. ಆಮೇಲೆ ನಗುತ್ತ, "ನಾಳೆ ನಮ್ಮೂರ ಮಾಸ್ತರ ಮುಂದ ಹೇಳತೀನಿ ನೋಡು. ಶಿರಹಟ್ಟಿಗೆ ಇನ್ನೊಂದು ಅರ್ಜಿ ಬರದಾನು" ಎಂದಳು.

ಅವಳು ಚೇಷ್ಟೆಗೆ ಹೇಳಿದ ಮಾತು. ನನಗೆ ಸಾಹೇಬರ ಮಾತು ನೆನಪಾಯಿತು. ಲೈಸೆನ್ಸ್ ಹೋದರೆ ಅಣ್ಣನ ಜೊತೆ ನನ್ನ ಅನ್ನವೂ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಗೆಳತಿಯ ಎದುರಿಗೆ ನನಗೆ ನಾಚಿಕೆಯಾಯಿತು. ಅಣ್ಣನಂತೆ ಕಲ್ಲುಮನಸ್ಸಿನವಳಲ್ಲ ಎಂದು ತೋರಿಸಿಕೊಳ್ಳಬೇಕೆನಿಸಿತು. ಕೈ ತೆಗೆದೆ.

ಅವಳು ಡಬ್ಬಿಯನ್ನು ತಿರುಗಿಸಿ ನೋಡಿದಳು. "ಎಷ್ಟು ಚಲೋ ಐತಿ ಬೇ. ಮುಚ್ಚಳ ನೋಡು, ಹನಿ ಸೋರೂದಿಲ್ಲ. ಖಾಲಿ ಆದಮ್ಯಾಲೆ ಎಣ್ಣಿ ಹಾಕಾಕ ಬರತೈತೇನು?"

ಅಲ್ಲಿಯೂ ಸಮಯವಿತ್ತು. ನಾನು ಹೇಳಿದ್ದು ಇದು: "ಬೂದಿ ಹುಣಸಿಹಣ್ಣು ಹಚ್ಚಿ ಚಂದಾಗಿ ತಿಕ್ಕು, ಆತು. ಅಣ್ಣಗ ಮಾತ್ರ ಹೇಳಬ್ಯಾಡ."

ಆ ಗುಡ್ಡದ ಬುಡದ ಮುದುಕಿಯ ಮನೆಯಲ್ಲಿ ಯಾರೂ ಸತ್ತಿರಲಿಲ್ಲವಲ್ಲ ಎಂದು ಒಳಗೊಳಗೇ ಸಮಾಧಾನ ಮಾಡಿಕೊಂಡೆ. ಅವಳು ಹೋದ ಮೇಲೆ ಗೋಡೆ ನೋಡಿ ಹೆದರಿಕೆಯಾಯಿತು. ಒಂದು ಡಬ್ಬಿ ಕಡಿಮೆಯಾಗಿದೆ, ಮೊಳೆಗೆ ಏನೂ ಬಂದಿಲ್ಲ. ಅಣ್ಣನ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ಕುಬಸ ಹೊಲಿದು ಕೂಡಿಸಿಟ್ಟಿದ್ದ ನನ್ನ ಹಣದಿಂದ ಒಂದು ನೋಟು ತಂದು ಚುಚ್ಚಿದೆ. ಬಹಳ ಜಾಣತನ ಮಾಡಿದೆ ಎಂದುಕೊಂಡೆ. ಗೆಳತಿಯ ಮನಸ್ಸೂ ಉಳಿಯಿತು, ಅಣ್ಣನ ಕಾಯಿದೆಯೂ ಉಳಿಯಿತು, ಹೋಗುವುದಾದರೆ ನನ್ನ ಹಣ. ಆದರೆ ಆ ನೋಟು ನೀಲವ್ವಳದಲ್ಲ. ಅದು ಗೋಡೆಯಲ್ಲಿ ಎಷ್ಟು ದಿನ ತೂಗಿದರೂ ಶಿಗ್ಲಿಯಲ್ಲಿದ್ದ ಅವಳಿಗೆ ಡಬ್ಬಿಯ ನೆನಪು ಮಾಡುವಂತಿರಲಿಲ್ಲ.

ಅಣ್ಣ ಬಂದು ಗೋಡೆ ನೋಡಿದ. "ಇದ್ಯಾರದು?"

"ನೀಲವ್ವಂದು."

"ಹೂಂ" ಎಂದ.

ಮಹಾನವಮಿ ಆಯಿತು. ಬಹಳ ಜನರ ಡಬ್ಬಿಗಳು ಒಂದೊಂದಾಗಿ ಬಂದವು. ಅಣ್ಣ ಆ ನೋಟಿನ ಎದುರು ನಿಲ್ಲತೊಡಗಿದ. "ಬಡವರ ಮನಿ. ಇಷ್ಟು ರೊಕ್ಕಾ ಇಟ್ಟು ಹೆಂಗ ಸುಮ್ಮನ ಕುಂತಾಳ ಆಕಿ?" ಎಂದ. "ಸುಗ್ಗಿ ಕೆಲಸ ಇರಬೇಕು, ಬರತಾಳ" ಎಂದೆ. ಇನ್ನೊಂದು ದಿನ, ಕೈಗೆ ಮಣ್ಣು ಹಚ್ಚಿಕೊಳ್ಳುತ್ತಿದ್ದವನು ಅರ್ಧಕ್ಕೆ ನಿಲ್ಲಿಸಿ, "ಹುಣ್ಣಿವಿ ಆದ ಮರುದಿನ ನಾನ ಶಿಗ್ಲಿಗೆ ಹೋಗಿ ಬರತೀನಿ" ಎಂದ. ನಾನು ಒಲೆಯ ಕಡೆ ಮುಖ ತಿರುಗಿಸಿದೆ.

ಶೀಗಿ ಹುಣ್ಣಿಮೆಗೆ ನಮ್ಮ ಕಡೆ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ, ಬೆಳೆಗೆ ನೈವೇದ್ಯದ ಚರಗ ಚೆಲ್ಲಿ, ಅಲ್ಲೇ ಕುಳಿತು ಉಣ್ಣುತ್ತಾರೆ. ಆ ಸಂಜೆ ಅಣ್ಣ ಕಟ್ಟೆಯ ಮೇಲೆ ಕುಳಿತು ಡಬ್ಬಿಗೆ ತೂತು ಹೊಡೆಯುತ್ತಿದ್ದ. ದವಾಖಾನೆಯ ಕಡೆಗೆ ಒಂದು ಚಕ್ಕಡಿ ಓಡಿ ಬಂತು. ಎತ್ತುಗಳ ಬಾಯಲ್ಲಿ ನೊರೆ. ಹೊಡೆಯುತ್ತಿದ್ದವನು ನೀಲವ್ವಳ ಗಂಡ. ಒಳಗೆ ಅವಳ ಅತ್ತೆ ಮತ್ತು ಮೈದುನ ಮಲಗಿದ್ದರು. ಅವರ ತಲೆಗಳನ್ನು ತೊಡೆಯ ಮೇಲಿಟ್ಟುಕೊಂಡು ನೀಲವ್ವ ಕುಳಿತಿದ್ದಳು. ಹಬ್ಬದ ಕಡುಬು ಕರಿದ ಎಣ್ಣೆ ಆ ಡಬ್ಬಿಯದು ಎಂದು ಚಕ್ಕಡಿಯ ಜೊತೆ ಬಂದ ಶಿಗ್ಲಿಯವರು ಹೇಳಿದರು. ಗಂಡ ಹೊಲದ ಸುತ್ತ ಚರಗ ಚೆಲ್ಲುತ್ತಿದ್ದ, ಊಟಕ್ಕೆ ಕುಳಿತಿರಲಿಲ್ಲ. ನೀಲವ್ವ ಬಡಿಸುತ್ತಿದ್ದಳು. ಅತ್ತೆ ಚಕ್ಕಡಿಯಲ್ಲೇ ತೀರಿಕೊಂಡಿದ್ದಳು. ಮೈದುನ ಮರುದಿನ ಹೋದ.

ಚಕ್ಕಡಿ ದಾಟಿ ಹೋದ ಮೇಲೆ ಅಣ್ಣ ಎದ್ದು ಒಳಗೆ ಬಂದ. ಸುತ್ತಿಗೆ ಕೈಯಲ್ಲೇ ಇತ್ತು. ಗೋಡೆಯಿಂದ ಆ ನೋಟು ಬಿಡಿಸಿ ನನ್ನ ಮುಂದೆ ಹಿಡಿದ.

"ಇದ್ಯಾರದು?"

"ನಂದು" ಎಂದೆ. ಎಲ್ಲವನ್ನೂ ಹೇಳಿದೆ, ಬೂದಿ ಹುಣಸೆಹಣ್ಣಿನ ಮಾತನ್ನೂ ಹೇಳಿದೆ. ಅವನು ಸುತ್ತಿಗೆಯನ್ನು ಮೆಲ್ಲಗೆ ನೆಲಕ್ಕಿಟ್ಟ. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

"ಆಕಿ ಉಂಡಾಳೇನು?"

"ಇಲ್ಲಂತ. ಬಡಸಾಕತ್ತಿದ್ದಳಂತ."

"ಹಂಗಾರ ಪೊಲೀಸರು ಆಕಿನ್ನ ಬಿಡೂದಿಲ್ಲ" ಎಂದ.

ಹಾಗೆಯೇ ಆಯಿತು. ಎರಡನೆಯ ದಿನ ಫೌಜದಾರರು ಅಂಗಡಿಗೆ ಬಂದರು. ಹಿಂದೆ ಶಿಗ್ಲಿಯ ಮಂದಿ. ನೀಲವ್ವಳನ್ನು ಠಾಣೆಯಲ್ಲಿ ಕೂರಿಸಿದ್ದರು. ಅತ್ತೆ ಸೊಸೆಗೆ ಮುಂಚೆಯೇ ಆಗಿಬರುತ್ತಿರಲಿಲ್ಲ, ಉಣಿಸಿದವಳು ತಾನು ಉಣ್ಣಲಿಲ್ಲ ಎಂದು ಊರು ಮಾತಾಡುತ್ತಿತ್ತು. ಇದಕ್ಕಿಂತ ದೊಡ್ಡ ಸಾಕ್ಷಿ ಅಣ್ಣನ ಕಾಯಿದೆಯೇ ಆಗಿತ್ತು. ಅದನ್ನು ಹೇಳಿದವರು ಮಾಸ್ತರರು, ಕೆಟ್ಟ ಮನಸ್ಸಿನಿಂದಲ್ಲ, ಇದ್ದದ್ದನ್ನು ಇದ್ದ ಹಾಗೆ.

"ಇಂವ ಠೇವಣಿ ಇಲ್ದ ಡಬ್ಬಿ ಕೊಡಾಂವ ಅಲ್ರಿ ಸಾಹೇಬ್ರ. ಜಿಟಿಜಿಟಿ ಮಳ್ಯಾಗ ನನ್ನ ಛತ್ರಿ ಇಸ್ಕೊಂಡಾನ. ಆಕಿನೂ ಇಟ್ಟಿರಬೇಕು. ಇಟ್ಟಿದ್ದ ರೊಕ್ಕಾ ಬಿಟ್ಟು ಡಬ್ಬಿ ಇಟ್ಕೊಂಡಾಳ ಅಂದ್ರ..."

ಮುಂದಿನದನ್ನು ಅವರು ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ.

ಫೌಜದಾರರು ಕೇಳಿದರು, "ಏನಿಟ್ಟಿದ್ದಳು ಆಕಿ?"

"ಏನೂ ಇಲ್ರಿ" ಎಂದ ಅಣ್ಣ. "ನಾ ಇಸ್ಕೊಳ್ಳಿಲ್ಲ."

"ಯಾಕ?"

"ಬಿಟ್ಟೆ. ಖಾಲಿ ಆದಮ್ಯಾಲೆ ತೊಳದು ಇಟ್ಕೋ, ಏನೂ ಆಗೂದಿಲ್ಲ ಅಂತ ನಾನ ಹೇಳೀನ್ರಿ."

ನಾನು ಒಳಬಾಗಿಲ ಪರದೆಯ ಹಿಂದೆ ನಿಂತಿದ್ದೆ. ನೀಲವ್ವ ಔಷಧ ಒಯ್ದ ದಿನ ಅಣ್ಣ ಊರಲ್ಲೇ ಇರಲಿಲ್ಲ, ಗದಗಿನಲ್ಲಿದ್ದ. ಒಂದು ಹೆಜ್ಜೆ ಮುಂದಿಟ್ಟು ಅದನ್ನು ಹೇಳಿದ್ದರೆ ಸಾಕಿತ್ತು. ಅಣ್ಣ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದ್ದರೆ, ಸುಮ್ಮನಿರು ಎಂದು ಅವನೇ ಸನ್ನೆ ಮಾಡಿದ ಎಂದಾದರೂ ಹೇಳಿಕೊಳ್ಳಬಹುದಿತ್ತು.

ಮಾಸ್ತರರು ಮುಂದೆ ಬಂದರು. "ನಮ್ಮೆಲ್ಲಾರ ಕಡಿಂದ ಇಸ್ಕೊಂಡಾಂವ, ಆಕಿಗೊಬ್ಬಾಕಿಗೆ ಯಾಕ ಬಿಟ್ಟಿ?"

ಅಣ್ಣ ಕೊಡದ ಉತ್ತರವನ್ನು ಊರೇ ಕೊಟ್ಟುಕೊಂಡಿತು. ಹರೆಯದ ಹೆಣ್ಣು, ಮದುವೆಯಾಗದ ಗಂಡಸು. ಆ ಮಾತು ಶಿಗ್ಲಿಯವರೆಗೂ ಹೋಯಿತು. ನೀಲವ್ವಳನ್ನು ಪೊಲೀಸರು ಬಿಟ್ಟರು, ಗಂಡ ಮನೆಗೂ ಕರೆದುಕೊಂಡ. ಆದರೆ ಅವಳ ಕೈಯಿಂದ ಅವನು ಮತ್ತೆ ಉಣ್ಣಲಿಲ್ಲವಂತೆ.

ಅಣ್ಣನ ಲೈಸೆನ್ಸ್ ಹೋಯಿತು. ಕೋರ್ಟು, ದಂಡ, ತಿರುಗಾಟ. ಅಂಗಡಿ ಮುಚ್ಚುವ ದಿನ ಅವನು ಎಲ್ಲರ ವಸ್ತುಗಳನ್ನೂ ವಾಪಸ್ಸು ಕೊಟ್ಟ. ಕೆಲವರು ಅವನ ಮುಖಕ್ಕೆ ಉಗುಳಿ ತೆಗೆದುಕೊಂಡು ಹೋದರು. ಒಂಟಿ ಚಪ್ಪಲಿಯ ರೈತ ಮಾತ್ರ ಡಬ್ಬಿ ತಂದು ಕಟ್ಟೆಯ ಮೇಲಿಟ್ಟು, ಏನೂ ಅನ್ನದೆ ಚಪ್ಪಲಿ ಮೆಟ್ಟಿ ಹೋದ. ಗೋಡೆ ಬರಿದಾಯಿತು. ಆಗ ಅಣ್ಣ ಅಂಗಿಯ ಕಿಸೆಯಿಂದ ಒಂದು ನೋಟು ತೆಗೆದ. ತೊಡೆಯ ಮೇಲಿಟ್ಟು ಅಂಗೈಯಿಂದ ನೀವಿದ.

"ನಿಂದ ನೋಟು. ನೋಡ್ಕೋ."

ಬೈಗುಳವೂ ಇಲ್ಲ, ಕಣ್ಣೀರೂ ಇಲ್ಲ. ಗಿರಾಕಿಗೆ ಹೇಳುವ ಹಾಗೆಯೇ ಹೇಳಿದ.

ಆಮೇಲೆ ನಾವು ಬೆಟಗೇರಿಗೆ ಬಂದೆವು. ಅಲ್ಲಿ ಅವನು ಹತ್ತಿ ಮೂಟೆಗಳ, ಅಂದರೆ ಅಂಡಿಗೆಗಳ, ಗೋದಾಮಿನಲ್ಲಿ ಹಮಾಲಿ ಮಾಡಿದ. ಸಂಜೆ ಮನೆಗೆ ಬರುವಾಗ ದಾರಿಯಲ್ಲಿ ಯಾವ ತಗಡಿನ ಡಬ್ಬಿ ಕಂಡರೂ ನಿಂತು, ಕಲ್ಲಿನಿಂದ ಜಜ್ಜಿ ಚಪ್ಪಟೆ ಮಾಡಿ ಬರುತ್ತಿದ್ದ. ಹುಡುಗರು ಹಿಂದೆ ಬಿದ್ದು ನಗುತ್ತಿದ್ದರು. ಆ ವಿಷಯವನ್ನು ನಮ್ಮಿಬ್ಬರಲ್ಲಿ ಯಾರೂ ಮತ್ತೆ ಎತ್ತಲಿಲ್ಲ. ಅವನು ಎತ್ತಲಿಲ್ಲ ಎಂಬುದನ್ನೇ ಕ್ಷಮೆ ಎಂದುಕೊಂಡು ನಾನು ಅಷ್ಟು ವರ್ಷ ರೊಟ್ಟಿ ಬಡಿದೆ. ಒಂದು ಮುಂಜಾನೆ ಗೋದಾಮಿನಲ್ಲಿ ಅಂಡಿಗೆ ಎತ್ತಲು ಬಗ್ಗಿದವನು ಏಳಲಿಲ್ಲ.

ದಿನಕರ್ಮಗಳು ಮುಗಿದ ಮೇಲೆ ನೀಲವ್ವ ಬಂದಳು. ಕೂದಲು ಬೆಳ್ಳಗಾಗಿತ್ತು. ಕುಳಿತುಕೋ ಎಂದೆ, ಕೂರಲಿಲ್ಲ. ಗೋಡೆಯ ಮೇಲಿದ್ದ ಅಣ್ಣನ ಫೋಟೋ ನೋಡುತ್ತ ನಿಂತಳು.

"ಆವತ್ತು ಅಂಗಡ್ಯಾಗ ಇದ್ದಾಕಿ ನೀ" ಎಂದಳು. "ಠಾಣ್ಯಾಗ ನಾ ಅದನ್ನ ಹೇಳಿದ್ರ ಯಾರೂ ನಂಬಲಿಲ್ಲ. ನಿಮ್ಮಣ್ಣ ಯಾಕ ಹಂಗ ಹೇಳಿದ ಅಂತ ನನಗ ಗೊತ್ತೈತಿ. ಇವತ್ತ ನೀ ಹೇಳತಿ, ನಾಳೆ ಹೇಳತಿ ಅಂತ ನೋಡಿದೆ. ಊರು ನನ್ನ ಮಾರಿ ಮ್ಯಾಲೆ ಅಂದಾಗೂ ನೋಡಿದೆ."

ಪೆಟ್ಟಿಗೆ ತೆಗೆದು ಆ ನೋಟು ತಂದು ಅವಳ ಕೈಗಿಟ್ಟೆ.

"ಏನಿದು?"

"ನಿನ್ನ ಠೇವಣಿ. ನಿನ್ನ ಬದಲಿ ನಾನ ಮೊಳಿಗೆ ಚುಚ್ಚಿದ್ದೆ."

ನೀಲವ್ವ ನೋಟಿನ ನಡುವಿನ ತೂತನ್ನು ಬಹಳ ಹೊತ್ತು ನೋಡಿದಳು.

"ಆವತ್ತು ನನ್ನ ಚೀಲದಾಗ ಒಂದು ಕುಬಸದ ಖಣ ಇತ್ತು ಬೇ. ಹಬ್ಬಕ್ಕ ಅಂತ ನಮ್ಮವ್ವ ಕೊಟ್ಟಿದ್ದು. ನೀ ಬಿಡದ ಕೇಳಿದ್ರ ಇಟ್ಟು ಹೋಗತಿದ್ದೆ. ಖಣದ ಆಸೇಕ್ಕರ ಡಬ್ಬಿ ತಂದು ನಿನ್ನ ಮುಂದ ಒಗೀತಿದ್ದೆ."

"ನೀ ಬೈದಿ, ನೀಲವ್ವ. ನನ್ನ ನಂಬೂದಿಲ್ಲೇನು ಅಂದಿ."

"ಅಂದೆ. ಗಿರಾಕಿ ಆದಾಕಿ ಅಂತಾಳ, ಬೈತಾಳ. ನಿಮ್ಮಣ್ಣಗ ನಾವು ಅನ್ನದ್ದು ಏನ ಉಳದಿತ್ತು?" ನೋಟನ್ನು ಮಡಚದೆ, ನೀವದೆ, ನನ್ನ ಅಂಗೈಯಲ್ಲೇ ತಿರುಗಿ ಇಟ್ಟಳು. "ಅನ್ನಿಸ್ಕೊಂಡು ಠೇವಣಿ ಇಸ್ಕೋಬೇಕಾಗಿತ್ತು ನೀ."

ನೀರೂ ಕುಡಿಯದೆ ಮೆಟ್ಟಿಲಿಳಿದು ಹೋದಳು.